ಮರ್ಚೆಂಟ್ ನೇವಿ ಮಿಲಿಟರಿಯಾ, ಅಲ್ವಾ? ಕೊಡಗಿನ ಮನೆಗಳಲ್ಲಿ ಮುಗಿಯದ ಪ್ರಶ್ನೆ

ವಿರಾಜಪೇಟೆ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗ ಸೆಕೆಂಡ್ ಪಿಯುಸಿ, ಪಿಸಿಎಂಬಿ. ಮರ್ಚೆಂಟ್ ನೇವಿಗೇ ಹೋಗಬೇಕು ಅಂತ ಹಟ ಹಿಡಿದಿದ್ದಾನೆ. ನಮ್ಮ ಮಾವನವರು ಆರ್ಮಿಯಲ್ಲಿದ್ದವರು. ಅವರಿಗೆ ಖುಷಿಯೋ ಖುಷಿ. "ನೇವಿ ಅಂದ ಮೇಲೆ ಸರ್ವಿಸ್ ತಾನೇ, ಮನೆಗೆ ಇನ್ನೊಂದು ಯೂನಿಫಾರಂ ಬಂತು" ಅಂತ ನೆಂಟರಿಗೆಲ್ಲ ಹೇಳಿಬಿಟ್ಟಿದ್ದಾರೆ. ನನ್ನ ತಮ್ಮ ಮಾತ್ರ "ಅಕ್ಕಾ, ಅದು ಮಿಲಿಟರಿಯೇ ಅಲ್ಲ, ಕಂಪನಿ ಕೆಲಸ" ಅನ್ನುತ್ತಾನೆ.

ನನಗೆ ಬೇಕಾಗಿರುವುದು ನೇರ ಉತ್ತರ. ಪಿಂಚಣಿ, ಕ್ಯಾಂಟೀನ್, ಆಸ್ಪತ್ರೆ ಏನಾದರೂ ಸಿಗುತ್ತದಾ? ಯುದ್ಧ ಬಂದರೆ ಇವನನ್ನು ಕಳಿಸುತ್ತಾರಾ? ಮುಂದೆ ಮನಸ್ಸು ಬದಲಾದರೆ ನಿಜವಾದ ನೇವಿಗೆ ಹೋಗಬಹುದಾ? ಕೆಂಪು ಸಮುದ್ರದಲ್ಲಿ ಹಡಗಿಗೆ ಕ್ಷಿಪಣಿ ಬಿದ್ದ ಸುದ್ದಿ ನೋಡಿದಾಗಿನಿಂದ ನನಗಂತೂ ನಿದ್ದೆ ಇಲ್ಲ.

ಗೋಣಿಕೊಪ್ಪ ಸುಬೇದಾರ್

ಅಮ್ಮಾ, ನಿಮ್ಮ ತಮ್ಮ ಹೇಳಿದ್ದು ಸರಿ. ಅದು ಸರ್ವಿಸ್ ಅಲ್ಲ, ನೌಕರಿ. ಸೇನೆಗೆ ಸೇರಿದವನು ದೇಶಕ್ಕೆ ಪ್ರಮಾಣ ಮಾಡುತ್ತಾನೆ. ಅಲ್ಲಿ ಕಾಂಟ್ರಾಕ್ಟಿಗೆ ಸಹಿ ಹಾಕುತ್ತಾನೆ. ಇಂದು ಒಂದು ದೇಶದ ಬಾವುಟ, ನಾಳೆ ಇನ್ನೊಂದು. ಸಂಬಳ ಜಾಸ್ತಿ, ಅದನ್ನು ಒಪ್ಪುತ್ತೇನೆ. ಆದರೆ ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆಯಲ್ಲಿ ಬಿಳಿ ಶರ್ಟಿನ ಮೇಲೆ ಪಟ್ಟಿ ಹಾಕಿಕೊಂಡವರೆಲ್ಲ ಫೌಜಿ ಆಗುವುದಿಲ್ಲ.

ಸಿದ್ದಾಪುರ ತೋಟಗಾರ

ಸುಬೇದಾರ್ ಸಾಹೇಬ್ರು ಬೆಳಗ್ಗೆಯೇ ಫೈರಿಂಗ್ ಶುರು ಮಾಡಿದ್ರು!

ನಮ್ಮೂರಿನ ಲೆಕ್ಕ ಹೀಗೆ: ಆರ್ಮಿ ಅಂದರೆ ಗೌರವ, ಏರ್‌ಫೋರ್ಸ್ ಅಂದರೆ ಗೌರವ, ಮರ್ಚೆಂಟ್ ನೇವಿ ಅಂದರೆ ಹುಡುಗಿ ಕಡೆಯವರಿಗೆ ಗೌರವ. ಮದುವೆ ಕಾಗದದಲ್ಲಿ ಎಲ್ಲರೂ ಕ್ಯಾಪ್ಟನ್. ನನಗೆ ಒಂದೇ ಡೌಟು. ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡುವ ಮನೆಯ ಹುಡುಗ ಹಡಗಿನಲ್ಲಿ ಕಡಲ್ಗಳ್ಳರು ಬಂದರೆ ಏನು ಹಿಡಿದು ನಿಲ್ಲುತ್ತಾನೆ?

ಎಂಜಿನ್ ರೂಮ್ ಮಡಿಕೇರಿ

ನೀರಿನ ಪೈಪು, ತೋಟಗಾರರೇ. ತಮಾಷೆ ಅಲ್ಲ, ನಿಜವಾಗಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಟ್ಯಾಂಕರ್ ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್. ಈಗ ರಜೆಯಲ್ಲಿ ಮನೆಯಲ್ಲಿದ್ದೇನೆ. ಅಕ್ಕ ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಜಗಳ ಆಮೇಲೆ.

ಮರ್ಚೆಂಟ್ ನೇವಿ ಮಿಲಿಟರಿ ಅಲ್ಲ. ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್ ರಕ್ಷಣಾ ಸಚಿವಾಲಯದ ಕೆಳಗೆ ಬರುತ್ತವೆ. ನಾವು ಬರುವುದು ಬಂದರು ಮತ್ತು ಹಡಗು ಸಚಿವಾಲಯದ ಕೆಳಗೆ. ನಮ್ಮ ದೊಡ್ಡ ಆಫೀಸು ಮುಂಬೈಯ ಡಿಜಿ ಶಿಪ್ಪಿಂಗ್. ಅಲ್ಲಿಂದ ಸಿಡಿಸಿ ಅಂತ ಒಂದು ಪುಸ್ತಕ ಕೊಡುತ್ತಾರೆ. ಯಾವ ಹಡಗು ಹತ್ತಿದೆ, ಯಾವಾಗ ಇಳಿದೆ ಅನ್ನುವುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಪರೀಕ್ಷೆ, ಸರ್ಟಿಫಿಕೇಟು ಎಲ್ಲ ಎಸ್‌ಟಿಸಿಡಬ್ಲ್ಯು ಅನ್ನುವ 1978ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಡೆಯುತ್ತದೆ. ಅದಕ್ಕೇ ನಮ್ಮ ಸರ್ಟಿಫಿಕೇಟಿನ ಮೇಲೆ ಬೇರೆ ದೇಶದ ಬಾವುಟದ ಹಡಗಿನಲ್ಲೂ ಕೆಲಸ ಮಾಡಬಹುದು.

ಕ್ಯಾಂಟೀನ್ ಕಾರ್ಡು ಇಲ್ಲ. ಮಾಜಿ ಸೈನಿಕರ ಆಸ್ಪತ್ರೆ ಯೋಜನೆ ಇಸಿಎಚ್‌ಎಸ್ ಇಲ್ಲ. ಮಾಜಿ ಸೈನಿಕ ಅನ್ನುವ ಕೋಟಾ ಇಲ್ಲ. ಸೇನೆಯ ಹಾಗೆ ಪಿಂಚಣಿಯೂ ಇಲ್ಲ. ಹಡಗಿನಲ್ಲಿದ್ದರೆ ಸಂಬಳ, ಇಳಿದರೆ ಹೆಚ್ಚಿನ ಕಂಪನಿಗಳಲ್ಲಿ ಏನೂ ಇಲ್ಲ. ಆಫೀಸರುಗಳಿಗೆ ನಾಲ್ಕರಿಂದ ಆರು ತಿಂಗಳ ಕಾಂಟ್ರಾಕ್ಟು, ರೇಟಿಂಗ್ ಅಂದರೆ ಆಫೀಸರ್ ಅಲ್ಲದ ಕೆಲಸದ ಹುಡುಗರಿಗೆ ಒಂಬತ್ತು ತಿಂಗಳವರೆಗೂ ಆಗುತ್ತದೆ. ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಎನ್‌ಆರ್‌ಐ ಲೆಕ್ಕ, ಆದಾಯ ತೆರಿಗೆ ಉಳಿಯುತ್ತದೆ. ಜನ ಬಾಯಿ ಬಿಡುವ ಸಂಬಳದ ಅರ್ಧ ಗುಟ್ಟು ಅಲ್ಲಿದೆ. ವಯಸ್ಸಾದ ಮೇಲಿನ ಖರ್ಚನ್ನು ನಾವೇ ಕೂಡಿಡಬೇಕು. ಹೊಸ ಹುಡುಗರು ಮೊದಲ ಪ್ರಮೋಷನ್ ಆದ ಕೂಡಲೇ ದೊಡ್ಡ ಕಾರು ತಗೊಳ್ಳುತ್ತಾರೆ, ಅದು ಬೇರೆ ವಿಷಯ.

ಶಿಸ್ತು ಇದೆ, ಯೂನಿಫಾರಂ ಇದೆ, ಭುಜದ ಮೇಲೆ ಪಟ್ಟಿ ಇದೆ. ಆದರೆ ಹೇಳಿದ ಕೆಲಸ ಮಾಡದಿದ್ದರೆ ಕೋರ್ಟ್ ಮಾರ್ಷಲ್ ಇಲ್ಲ. ಮನೆಗೆ ಕಳಿಸುತ್ತಾರೆ, ಮುಂದಿನ ಕಾಂಟ್ರಾಕ್ಟು ಸಿಗುವುದಿಲ್ಲ. ತಪ್ಪು ದೊಡ್ಡದಾದರೆ ಸರ್ಟಿಫಿಕೇಟು ಹೋಗುತ್ತದೆ.

ಯುದ್ಧಕ್ಕೆ ಕಳಿಸುತ್ತಾರಾ ಅಂದರೆ, ಕೈಗೆ ಬಂದೂಕು ಕೊಟ್ಟು ಯಾರೂ ಕಳಿಸುವುದಿಲ್ಲ. ಆದರೆ ಯುದ್ಧ ನಾವಿರುವಲ್ಲಿಗೇ ಬರುತ್ತದೆ. ನಮ್ಮ ಜನಕ್ಕೆ ಅರ್ಥವಾಗದೇ ಇರುವುದು ಇದು.

ವಿರಾಜಪೇಟೆ ಅಮ್ಮ

ಥ್ಯಾಂಕ್ಸ್ ತಮ್ಮ. ಕೊನೆಯ ಮಾತು ಓದಿ ಇನ್ನೂ ಹೆದರಿಕೆ ಆಯಿತು. ಬಿಡಿಸಿ ಹೇಳಿ.

ಎಂಜಿನ್ ರೂಮ್ ಮಡಿಕೇರಿ

ಹೇಳುತ್ತೇನೆ ಅಕ್ಕ. ಮುಚ್ಚಿಟ್ಟು ಹುಡುಗನನ್ನು ಕಳಿಸುವುದಕ್ಕಿಂತ ಗೊತ್ತಿದ್ದು ಕಳಿಸುವುದು ಒಳ್ಳೆಯದು.

2023ರ ನವೆಂಬರ್‌ನಲ್ಲಿ ಯೆಮನ್‌ನ ಹೂತಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಅನ್ನುವ ಹಡಗನ್ನು ಹೆಲಿಕಾಪ್ಟರಿನಿಂದ ಇಳಿದು ಹಿಡಿದರು. ಅಲ್ಲಿಂದ ಶುರು. 2024ರ ಜನವರಿ 26ರಂದು, ನಾವಿಲ್ಲಿ ಗಣರಾಜ್ಯೋತ್ಸವ ಮಾಡಿದ ದಿನವೇ, ಮಾರ್ಲಿನ್ ಲುವಾಂಡಾ ಅನ್ನುವ ಟ್ಯಾಂಕರಿಗೆ ಕ್ಷಿಪಣಿ ಬಿತ್ತು. ಅದರಲ್ಲಿ 22 ಭಾರತೀಯರಿದ್ದರು. ಬೆಂಕಿ ಆರಿಸಲು ಐಎನ್‌ಎಸ್ ವಿಶಾಖಪಟ್ಟಣಂನಿಂದ ನೇವಿಯ ತಂಡ ಹೋಗಿ ನಮ್ಮವರ ಜೊತೆ ಸೇರಿತು. ಯಾರೂ ಸಾಯಲಿಲ್ಲ. ಮಾರ್ಚ್ 6ಕ್ಕೆ ಟ್ರೂ ಕಾನ್ಫಿಡೆನ್ಸ್ ಹಡಗಿನವರಿಗೆ ಆ ಅದೃಷ್ಟ ಇರಲಿಲ್ಲ. ಮೂವರು ನಾವಿಕರು ಸತ್ತರು. ಉಳಿದವರನ್ನು ಐಎನ್‌ಎಸ್ ಕೋಲ್ಕತಾ ಎತ್ತಿಕೊಂಡಿತು. ಇವರ್ಯಾರೂ ಯಾವ ದೇಶದ ಪರವಾಗಿಯೂ ಯುದ್ಧಕ್ಕೆ ಹೋದವರಲ್ಲ. ಸರಕು ಸಾಗಿಸುತ್ತಿದ್ದವರು.

ಇನ್ನು ಹಿಡಿದಿಟ್ಟುಕೊಳ್ಳುವುದು. ಎಂಎಸ್‌ಸಿ ಏರೀಸ್ ಅನ್ನುವ ಹಡಗನ್ನು 2024ರ ಏಪ್ರಿಲ್‌ನಲ್ಲಿ ಇರಾನ್ ಹಿಡಿಯಿತು. ಅದರಲ್ಲಿ 17 ಭಾರತೀಯರು. ಕೇರಳದ ಒಬ್ಬಳು ಡೆಕ್ ಕೆಡೆಟ್ ಕೂಡ ಇದ್ದಳು, ಅವಳು ಮೊದಲು ಮನೆಗೆ ಬಂದಳು. ಅದಕ್ಕೂ ಮೊದಲು ಹೀರೋಯಿಕ್ ಇಡುನ್ ಟ್ಯಾಂಕರು. 2022ರ ಆಗಸ್ಟ್‌ನಲ್ಲಿ ಈಕ್ವಟೋರಿಯಲ್ ಗಿನಿಯ ನೌಕಾಪಡೆ ಅದನ್ನು ಹಿಡಿದು ಆಮೇಲೆ ನೈಜೀರಿಯಾಕ್ಕೆ ಒಪ್ಪಿಸಿತು. ಅದರಲ್ಲಿದ್ದ 16 ಭಾರತೀಯರು ಮನೆ ಸೇರಿದ್ದು 2023ರ ಮಧ್ಯದಲ್ಲಿ. ಅವರ ಮನೆಯವರು ಟಿವಿ ಮುಂದೆ ಅಳುವುದನ್ನು ನೀವೂ ನೋಡಿರುತ್ತೀರಿ.

ಈಗ ತೋಟಗಾರರ ಪ್ರಶ್ನೆ. ಹಡಗಿನಲ್ಲಿ ನಮಗೆ ಕೋವಿ ಇಲ್ಲ. ಅಪಾಯದ ಜಾಗಕ್ಕೆ ಹೋಗುವ ಮೊದಲು ಅಂಚಿನ ಸುತ್ತ ಮುಳ್ಳುತಂತಿ ಸುತ್ತುತ್ತೇವೆ. ಫೈರ್ ಹೋಸ್ ಹೊರಕ್ಕೆ ಮುಖ ಮಾಡಿ ಕಟ್ಟುತ್ತೇವೆ, ಏಣಿ ಹಾಕಿ ಹತ್ತುವವನ ಮುಖಕ್ಕೆ ನೀರು ಹೊಡೆಯಲಿ ಅಂತ. ರಾತ್ರಿ ಲೈಟು ಕಡಿಮೆ, ನೋಡುವ ಕಣ್ಣು ಜಾಸ್ತಿ. ಕೆಲವು ಕಂಪನಿಗಳು ಬಂದೂಕಿನ ಖಾಸಗಿ ಗಾರ್ಡುಗಳನ್ನು ಹತ್ತಿಸುತ್ತವೆ. ಅಷ್ಟಾದರೂ ಅವರು ಹತ್ತಿಬಿಟ್ಟರೆ ನಾವು ಹೋಗಿ ಸೇರುವುದು ಸಿಟಡೆಲ್‌ಗೆ. ಹಡಗಿನ ಹೊಟ್ಟೆಯೊಳಗೆ ಗಟ್ಟಿ ಬಾಗಿಲಿನ ಒಂದು ಕೋಣೆ. ನೀರು, ಊಟ, ಸ್ಯಾಟಲೈಟ್ ಫೋನು ಇರುತ್ತದೆ. ಎಂಜಿನ್ ನಿಲ್ಲಿಸಿ ಒಳಗೆ ಕೂತುಬಿಟ್ಟರೆ ಕಳ್ಳರಿಗೆ ಹಡಗು ಓಡಿಸಲು ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ನಾವೆಲ್ಲ ಒಳಗೆ ಭದ್ರ ಅಂತ ಗೊತ್ತಾದರೆ ಕಮಾಂಡೋಗಳಿಗೆ ಕೈ ಬಿಚ್ಚಿ ಕೆಲಸ ಮಾಡಬಹುದು. ಒಬ್ಬನೇ ಒಬ್ಬ ಹೊರಗೆ ಸಿಕ್ಕಿಬಿದ್ದರೆ ಅವನು ಒತ್ತೆಯಾಳು, ಇಡೀ ಲೆಕ್ಕ ತಪ್ಪುತ್ತದೆ. ಅದಕ್ಕೇ ಡ್ರಿಲ್‌ನಲ್ಲಿ ತಲೆ ಎಣಿಸುವುದು.

2024ರ ಜನವರಿ 5ಕ್ಕೆ ಲೀಲಾ ನಾರ್ಫೋಕ್ ಹಡಗಿನಲ್ಲಿ ಆದದ್ದು ಇದೇ. 15 ಭಾರತೀಯರು ಸೇರಿ 21 ಜನ ಸಿಟಡೆಲ್‌ನಲ್ಲಿ ಕೂತರು. ಐಎನ್‌ಎಸ್ ಚೆನ್ನೈಯಿಂದ ನೇವಿಯ ಕಮಾಂಡೋಗಳಾದ ಮಾರ್ಕೋಸ್ ಹತ್ತಿ ಹಡಗನ್ನು ಜಾಲಾಡಿದರು. ಎಲ್ಲರೂ ಕ್ಷೇಮ.

ನಮಗೂ ನೇವಿಗೂ ಇರುವ ಸಂಬಂಧ ಇದು. ನಾವು ಅವರಲ್ಲ. ಆದರೆ ಅವರಿಗೆ ಸಮುದ್ರದಲ್ಲಿ ಕಾಯುವ ಕೆಲಸ ಇರುವುದು ನಾವು ಸರಕು ತಗೊಂಡು ಓಡಾಡುವುದರಿಂದ. ತೂಕದ ಲೆಕ್ಕದಲ್ಲಿ ಭಾರತದ ವಿದೇಶಿ ವ್ಯಾಪಾರದ ನೂರಕ್ಕೆ ಸುಮಾರು 95 ಭಾಗ ಸಮುದ್ರದ ಮೇಲೆಯೇ ಹೋಗುವುದು. ನಮ್ಮ ಕೊಡಗಿನ ಕಾಫಿ, ಕರಿಮೆಣಸೂ ಸೇರಿ.

ಒಂದು ವಿಷಯದಲ್ಲಿ ಮಾತ್ರ ನಮಗೆ ಸೈನಿಕನಿಗಿಲ್ಲದ ಹಕ್ಕಿದೆ. ಅಂತರರಾಷ್ಟ್ರೀಯ ಯೂನಿಯನ್ ಒಪ್ಪಂದ ಇರುವ ಹಡಗಾದರೆ, ಯುದ್ಧದ ಪ್ರದೇಶ ಅಂತ ಗುರುತಿಸಿದ ಕಡೆ "ನಾನು ಬರುವುದಿಲ್ಲ" ಅನ್ನಬಹುದು. ಕಂಪನಿ ತನ್ನ ಖರ್ಚಿನಲ್ಲಿ ಮನೆಗೆ ಕಳಿಸಬೇಕು. ಹೋಗುವುದಾದರೆ ಮೂಲ ಸಂಬಳದಷ್ಟು ಬೋನಸ್, ಸಾವು ಅಥವಾ ಅಂಗವೈಕಲ್ಯಕ್ಕೆ ಎರಡರಷ್ಟು ಪರಿಹಾರ. ಹುಡುಗ ಕಾಂಟ್ರಾಕ್ಟಿಗೆ ಸಹಿ ಹಾಕುವ ಮೊದಲು ಆ ಒಪ್ಪಂದ ಇದೆಯಾ ನೋಡಬೇಕು. ಎಲ್ಲ ಹಡಗುಗಳಲ್ಲೂ ಇರುವುದಿಲ್ಲ.

ಗೋಣಿಕೊಪ್ಪ ಸುಬೇದಾರ್

ತಮ್ಮಾ, ಚೆನ್ನಾಗಿ ಬರೆದೆ. ಆದರೆ ನನ್ನ ಮಾತನ್ನು ನೀನೇ ಒಪ್ಪಿದ ಹಾಗಾಯಿತು. "ಬರುವುದಿಲ್ಲ" ಅನ್ನುವ ಹಕ್ಕು ಇರುವವನು ಸೈನಿಕ ಅಲ್ಲ.

ಎಂಜಿನ್ ರೂಮ್ ಮಡಿಕೇರಿ

ಅಂಕಲ್, ನಾನು ಸೈನಿಕ ಅಂತ ಯಾವಾಗ ಹೇಳಿದೆ? ಊರಿನವರು ಹಾಗೆ ಅಂದುಕೊಳ್ಳುವುದೇ ನನಗೆ ಕಷ್ಟ. ಸೈನಿಕ ಅಂದುಕೊಂಡು ಕಳಿಸುತ್ತಾರೆ, ಅಲ್ಲ ಅಂತ ಗೊತ್ತಾದ ಮೇಲೆ ಕೀಳಾಗಿ ನೋಡುತ್ತಾರೆ. ಎರಡೂ ಬೇಡ. ಲಾರಿ ಓಡಿಸುವವನಿಗೆ ಗಡಿಯಲ್ಲಿ ಗುಂಡು ಬಿದ್ದರೆ ಅವನು ಸೈನಿಕ ಆಗುವುದಿಲ್ಲ, ಆದರೆ ಅವನ ಹೆಂಡತಿ ಮಕ್ಕಳಿಗೆ ಯಾರು ಅಂತ ಕೇಳಬೇಕಲ್ಲ.

ಕುಶಾಲನಗರ ಮೇಷ್ಟ್ರು

ಇತಿಹಾಸ ಕಲಿಸುವವನು ನಾನು, ಬಾಯಿ ಸುಮ್ನೆ ಇರುವುದಿಲ್ಲ.

ಎಂಜಿನಿಯರ್ ಎತ್ತಿದ "ಯಾರು" ಅನ್ನುವ ಪ್ರಶ್ನೆ ಹಳೆಯದು. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ಸಬ್‌ಮರೀನುಗಳು ಬ್ರಿಟನ್ನಿನ ವ್ಯಾಪಾರಿ ಹಡಗುಗಳನ್ನು ರಾಶಿ ರಾಶಿ ಮುಳುಗಿಸಿದವು. ಆ ಸಾವುಗಳ ನೆನಪಿನಲ್ಲಿ ಐದನೇ ಜಾರ್ಜ್ ದೊರೆ 1928ರಲ್ಲಿ ಅವರಿಗೆ ಮರ್ಚೆಂಟ್ ನೇವಿ ಅಂತ ಬಿರುದು ಕೊಟ್ಟ. ಬಿರುದು ಬಂತು, ಸಂಬಳ ಬರಲಿಲ್ಲ. ಎರಡನೇ ಯುದ್ಧ ಶುರುವಾದಾಗಲೂ ಹಡಗು ಮುಳುಗಿದ ದಿನವೇ ನಾವಿಕನ ಸಂಬಳ ನಿಲ್ಲುತ್ತಿತ್ತು. ಲೈಫ್‌ಬೋಟಿನಲ್ಲಿ ಚಳಿಗೆ ನಡುಗುತ್ತಾ ಕೂತವನು ಆಗ ಲೆಕ್ಕದಲ್ಲಿ ನಿರುದ್ಯೋಗಿ! ಅದು ಸರಿಯಾದದ್ದು 1941ರಲ್ಲಿ.

ಆ ಹಡಗುಗಳ ಎಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ಸುರಿದವರು, ಡೆಕ್ ತೊಳೆದವರು ಎಷ್ಟೋ ಜನ ನಮ್ಮವರು. ಲಸ್ಕರ್ ಅಂತ ಕರೆಯುತ್ತಿದ್ದರು. ಬಿಳಿಯ ನಾವಿಕನಿಗಿಂತ ತೀರಾ ಕಡಿಮೆ ಸಂಬಳ. ಸಾವಿರಗಟ್ಟಲೆ ಜನ ಸಮುದ್ರದಲ್ಲೇ ಹೋದರು. ಅಮೆರಿಕದಲ್ಲೂ ಅದೇ ಹಾಡು. ಯುದ್ಧದಲ್ಲಿ ಸರಕು ಹೊತ್ತ ನಾವಿಕರನ್ನು ಮಾಜಿ ಯೋಧರು ಅಂತ ಒಪ್ಪಿದ್ದು 1988ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಮಣ್ಣಾಗಿದ್ದರು.

1982ರ ಫಾಕ್‌ಲ್ಯಾಂಡ್ ಯುದ್ಧ ಇನ್ನೂ ಸ್ಪಷ್ಟ ಉದಾಹರಣೆ. ಬ್ರಿಟನ್ ಸರ್ಕಾರ ವ್ಯಾಪಾರಿ ಹಡಗುಗಳನ್ನು ಸಿಬ್ಬಂದಿ ಸಮೇತ ತೆಗೆದುಕೊಂಡಿತು. ಮೋಜಿನ ಪ್ರಯಾಣದ ಕ್ಯೂಇ2 ಹಡಗಿನಲ್ಲಿ ಸೈನಿಕರು ಹೋದರು. ಅಟ್ಲಾಂಟಿಕ್ ಕನ್ವೇಯರ್ ಅನ್ನುವ ಕಂಟೇನರ್ ಹಡಗಿನಲ್ಲಿ ಹೆಲಿಕಾಪ್ಟರುಗಳನ್ನು ತುಂಬಿ ಕಳಿಸಿದರು. ಮೇ 25ಕ್ಕೆ ಅದಕ್ಕೆ ಎಕ್ಸೋಸೆ ಕ್ಷಿಪಣಿ ತಗುಲಿ 12 ಜನ ಸತ್ತರು. ಹಡಗಿನ ಮಾಸ್ಟರ್, ಅಂದರೆ ಕ್ಯಾಪ್ಟನ್ ಕೂಡ.

ಸುಬೇದಾರ್ ಅವರಿಗೆ ಒಂದು ವಿಷಯ. 1949ರ ಮೂರನೇ ಜಿನೀವಾ ಒಪ್ಪಂದದಲ್ಲಿ ಯುದ್ಧಕೈದಿಗಳು ಯಾರು ಅನ್ನುವ ಪಟ್ಟಿ ಇದೆ. ಯುದ್ಧ ಮಾಡುತ್ತಿರುವ ದೇಶದ ವ್ಯಾಪಾರಿ ಹಡಗಿನ ಸಿಬ್ಬಂದಿಯನ್ನೂ ಅದರಲ್ಲಿ ಸೇರಿಸಿದ್ದಾರೆ. ಮಾಸ್ಟರ್, ಪೈಲಟ್ ಮಾತ್ರವಲ್ಲ, ಕೆಲಸ ಕಲಿಯುವ ಅಪ್ರೆಂಟಿಸ್ ಹುಡುಗನೂ. ಅಂದರೆ ಸೆರೆ ಸಿಕ್ಕಾಗ ಸೈನಿಕನ ಸಾಲಿನಲ್ಲಿ ನಿಲ್ಲಿಸುತ್ತಾರೆ. ಬಿಡುಗಡೆಯಾಗಿ ಬಂದ ಮೇಲೆ ಮತ್ತೆ ಕಂಪನಿ ನೌಕರ.

ಗೋಣಿಕೊಪ್ಪ ಸುಬೇದಾರ್

ಮೇಷ್ಟ್ರೇ, ಅಪ್ರೆಂಟಿಸ್ ವಿಷಯ ನನಗೆ ಹೊಸದು. ನಮ್ಮ ಕಾರ್ಯಪ್ಪನವರ ಮಗ 1965ರಲ್ಲಿ ಪಾಕಿಸ್ತಾನದಲ್ಲಿ ಸೆರೆಯಾಗಿದ್ದರು. ಮಗನಿಗೆ ವಿಶೇಷ ಸವಲತ್ತು ಬೇಡ ಅಂದವರು ತಂದೆ. ಅಂಥ ತಂದೆಯ ಹಿಂದೆ ಒಂದು ಸೇನೆ ನಿಂತಿತ್ತು. ಈ ಹುಡುಗರ ಹಿಂದೆ ಯಾರು? ಕಂಪನಿಯ ಎಚ್‌ಆರಾ?

ಎಂಜಿನ್ ರೂಮ್ ಮಡಿಕೇರಿ

ಹೌದು ಅಂಕಲ್, ಮೊದಲು ಕಂಪನಿ. ಆಮೇಲೆ ಬಾವುಟದ ದೇಶ, ಅಂದರೆ ಹಡಗು ನೋಂದಣಿಯಾದ ದೇಶ. ಆ ದೇಶ ಪನಾಮಾನೋ ಲೈಬೀರಿಯಾನೋ ಆಗಿದ್ದರೆ ಅಲ್ಲಿಂದ ಯುದ್ಧನೌಕೆ ಬರುತ್ತದೆ ಅಂತ ಕಾಯಬೇಡಿ. ಆಮೇಲೆ ನಮ್ಮ ಯೂನಿಯನ್, ಡಿಜಿ ಶಿಪ್ಪಿಂಗ್, ವಿದೇಶಾಂಗ ಇಲಾಖೆ. ಕೋವಿಡ್ ಸಮಯದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. 2020ರಲ್ಲಿ ಒಂದು ಹಂತದಲ್ಲಿ ಸುಮಾರು 4 ಲಕ್ಷ ನಾವಿಕರು ಕಾಂಟ್ರಾಕ್ಟು ಮುಗಿದರೂ ಹಡಗಿನಲ್ಲೇ ಸಿಕ್ಕಿಕೊಂಡಿದ್ದರು. ನಾವು ತಂದ ಎಣ್ಣೆ, ಗೋಧಿ, ಔಷಧಿ ಇಳಿಸಿಕೊಂಡರು. ನಮ್ಮನ್ನು ಇಳಿಸಿಕೊಳ್ಳಲಿಲ್ಲ.

ಸೋಮವಾರಪೇಟೆ ಮಾಜಿ ನೇವಿ

ನಾನು ನೌಕಾಪಡೆಯಲ್ಲಿ ಸೇಲರ್ ಆಗಿದ್ದವನು. ಎರಡೂ ಕಡೆಯವರ ಮಾತು ಓದಿದೆ. ನೇವಿ ಒಳಗಿನಿಂದ ಹೇಗೆ ಕಾಣುತ್ತದೆ ಹೇಳುತ್ತೇನೆ.

ನಮಗೆ ಮರ್ಚೆಂಟ್ ಹಡಗು ಅಂದರೆ ಕೀಳಲ್ಲ. 2008ರಿಂದ ಏಡನ್ ಕೊಲ್ಲಿಯಲ್ಲಿ ನಮ್ಮ ಹಡಗು ಇದ್ದೇ ಇದೆ. ಗುರುಗ್ರಾಮದಲ್ಲಿ 2018ರಿಂದ ಒಂದು ಮಾಹಿತಿ ಕೇಂದ್ರ ಕೆಲಸ ಮಾಡುತ್ತಿದೆ. ಹಿಂದೂ ಮಹಾಸಾಗರದಲ್ಲಿ ಎಲ್ಲಿ ಯಾವ ವ್ಯಾಪಾರಿ ಹಡಗು ಹೋಗುತ್ತಿದೆ ಅಂತ ನೋಡುವುದು ಅದರ ಕೆಲಸ. 2024ರ ಮಾರ್ಚ್‌ನಲ್ಲಿ ರೂಯೆನ್ ಹಡಗನ್ನು ಬಿಡಿಸಿದ್ದು ನೆನಪಿದೆಯಾ? ಐಎನ್‌ಎಸ್ ಕೋಲ್ಕತಾ ಅದನ್ನು ತಡೆದು ನಿಲ್ಲಿಸಿತು. ವಾಯುಪಡೆಯ ಸಿ-17 ವಿಮಾನದಿಂದ ಮಾರ್ಕೋಸ್ ಸಮುದ್ರಕ್ಕೆ ಹಾರಿದರು. 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಉಳಿದರು. ಆ ಸಿಬ್ಬಂದಿಯಲ್ಲಿ ಭಾರತೀಯರು ಇದ್ದಾರಾ ಅಂತ ಕೇಳಿ ಹಾರಿದ್ದಲ್ಲ.

ಆದರೆ ಸೈನಿಕರನ್ನು ವ್ಯಾಪಾರಿ ಹಡಗಿಗೇ ಹತ್ತಿಸಿ ಕೂರಿಸಿದರೆ ಗೊಂದಲ ಜಾಸ್ತಿ. 2012ರ ಫೆಬ್ರವರಿ 15ಕ್ಕೆ ಕೇರಳದ ಕರಾವಳಿಯ ಆಚೆ ಎನ್ರಿಕಾ ಲೆಕ್ಸಿ ಅನ್ನುವ ಇಟಲಿ ಟ್ಯಾಂಕರಿನಲ್ಲಿ ಆದದ್ದು ನೋಡಿ. ಅದರ ಮೇಲಿದ್ದ ಇಟಲಿ ನೌಕಾಪಡೆಯವರು ಮೀನುಗಾರರನ್ನು ಕಡಲ್ಗಳ್ಳರು ಅಂತ ತಿಳಿದು ಗುಂಡು ಹಾರಿಸಿದರು. ಇಬ್ಬರು ಸತ್ತರು. ಹಡಗು ಖಾಸಗಿ, ಗುಂಡು ಸರ್ಕಾರದ್ದು. ಯಾರ ಕಾನೂನು, ಯಾರ ಕೋರ್ಟು ಅಂತ ಒಂಬತ್ತು ವರ್ಷ ಎಳೆದಾಡಿದರು. 2021ರಲ್ಲಿ ಇಟಲಿ 10 ಕೋಟಿ ರೂಪಾಯಿ ಪರಿಹಾರ ಕೊಟ್ಟ ಮೇಲೆ ಸುಪ್ರೀಂ ಕೋರ್ಟ್ ಇಲ್ಲಿನ ಕೇಸು ಮುಗಿಸಿತು.

ಬೇರೆ ದೇಶಗಳಲ್ಲಿ ಮಧ್ಯದ ದಾರಿಯೂ ಇದೆ. ಬ್ರಿಟನ್ನಿನ ರಾಯಲ್ ಫ್ಲೀಟ್ ಆಕ್ಸಿಲಿಯರಿ 1905ರಿಂದ ಇದೆ. ಯುದ್ಧನೌಕೆಗಳಿಗೆ ಎಣ್ಣೆ, ಊಟ, ಮದ್ದುಗುಂಡು ಒದಗಿಸುತ್ತದೆ, ಆದರೆ ನಡೆಸುವವರು ಸಿವಿಲಿಯನ್ ನಾವಿಕರು. ಅಮೆರಿಕದ ಮಿಲಿಟರಿ ಸೀಲಿಫ್ಟ್ ಕಮಾಂಡ್ ಕೂಡ ಹಾಗೆಯೇ. ನಮ್ಮಲ್ಲಿ ದೀಪಕ್, ಶಕ್ತಿಯಂಥ ತೈಲ ಹಡಗುಗಳನ್ನು ನೇವಿಯವರೇ ನಡೆಸುತ್ತಾರೆ. ಸಿವಿಲಿಯನ್ನರು ಇರುವುದು ಡಾಕ್‌ಯಾರ್ಡಿನಲ್ಲಿ, ಟಗ್ಗುಗಳಲ್ಲಿ, ರಿಪೇರಿ ಯಾರ್ಡುಗಳಲ್ಲಿ. ಕಾರವಾರದ ನೇವಲ್ ಶಿಪ್ ರಿಪೇರಿ ಯಾರ್ಡಿಗೆ ಐಟಿಐ ಮಾಡಿದ ಹುಡುಗರು ಅಪ್ರೆಂಟಿಸ್ ಆಗಿ ಹೋಗುತ್ತಾರೆ. 2022ರಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಕಟ್ಟಿದ್ದು ಕೊಚ್ಚಿ ಶಿಪ್‌ಯಾರ್ಡಿನ ಸಿವಿಲಿಯನ್ ಕೆಲಸಗಾರರು. ಇದನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಕೇಳುವುದೇ ಇಲ್ಲ.

ಅಕ್ಕನ ಮೂರನೇ ಪ್ರಶ್ನೆಗೆ: ಮರ್ಚೆಂಟಿನಿಂದ ನೇವಿಗೆ ದಾರಿ ಇಕ್ಕಟ್ಟು. ವಯಸ್ಸು ಮೀರುತ್ತದೆ, ಆಫೀಸರ್ ಆಯ್ಕೆಯ ಎಸ್‌ಎಸ್‌ಬಿ ಸಂದರ್ಶನ ಹೊಸದಾಗಿ ಎದುರಿಸಬೇಕು. ನೇವಿಯಿಂದ ಮರ್ಚೆಂಟಿಗೆ ಬರುವುದು ಅದಕ್ಕಿಂತ ಸುಲಭ. ನೇವಿಯ ಅನುಭವವನ್ನು ಲೆಕ್ಕಕ್ಕೆ ಹಿಡಿದು, ಬಾಕಿ ಕೋರ್ಸು, ಪರೀಕ್ಷೆ ಮಾಡಿಸಿ ಸರ್ಟಿಫಿಕೇಟು ಕೊಡುವ ವ್ಯವಸ್ಥೆ ಡಿಜಿ ಶಿಪ್ಪಿಂಗ್ ಮಾಡಿದೆ. 2022ರಲ್ಲಿ ಅಗ್ನಿಪಥ ಬಂದಾಗ, ನಾಲ್ಕು ವರ್ಷ ಮುಗಿಸಿದ ನೇವಿ ಅಗ್ನಿವೀರರಿಗೂ ಇಂಥ ಆರು ದಾರಿಗಳನ್ನು ಹೇಳಿದರು. ಸುಮ್ನೆ ಪುಸ್ತಕ ಬದಲಾಯಿಸಿ ಕೊಡುತ್ತಾರೆ ಅಂದುಕೊಳ್ಳಬೇಡಿ. ಯುದ್ಧನೌಕೆಯ ಗನ್ನರ್‌ಗೆ ಕ್ರೂಡ್ ಆಯಿಲ್ ಲೋಡ್ ಮಾಡಲು ಬರುವುದಿಲ್ಲ.

ಹಾಗಾಗಿ ಹುಡುಗನ ಮನಸ್ಸಿನ ಮೂಲೆಯಲ್ಲಿ ಸೇನೆ ಇದ್ದರೆ ಮೊದಲು ಅದನ್ನೇ ಪ್ರಯತ್ನಿಸಲಿ. ಪಿಯುಸಿ ಆದ ಮೇಲೆ ಸೇನಾ ಆಫೀಸರ್ ತರಬೇತಿಗೆ ಸೇರುವ ಎನ್‌ಡಿಎ ಇದೆ. ಪಿಸಿಎಂನಲ್ಲಿ 70 ಪರ್ಸೆಂಟ್ ಮತ್ತು ಜೆಇಇ ಮೇನ್ ಇದ್ದರೆ ನೇವಿಯ 10+2 ಬಿಟೆಕ್ ಎಂಟ್ರಿ ಇದೆ. ನಾಲ್ಕು ವರ್ಷ ಕೇರಳದ ಎಳಿಮಲದ ನೇವಿ ಅಕಾಡೆಮಿಯಲ್ಲಿ, ಖರ್ಚು ನೇವಿಯದ್ದು. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಇರಿಟ್ಟಿ, ಕಣ್ಣೂರು ದಾಟಿದರೆ ಎಳಿಮಲ.

ಶನಿವಾರಸಂತೆ ಅಣ್ಣ

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನನ್ನ ತಮ್ಮ ಒಬ್ಬ ಏಜೆಂಟನ ಕೈಗೆ ಲಕ್ಷಗಟ್ಟಲೆ ಕೊಟ್ಟ. "ಡಿಫೆನ್ಸ್ ಕ್ಯಾಟಗರಿ, ಗ್ಯಾರಂಟಿ ಜಾಬ್" ಅಂತ ಹೇಳಿದ್ದ. ಆಫೀಸಿನ ಗೋಡೆ ತುಂಬಾ ಯುದ್ಧನೌಕೆಯ ಫೋಟೋ, ಕೂತವನ ಮೈಮೇಲೆ ಬಿಳಿ ಯೂನಿಫಾರಂ. ಅಪ್ಪ ಆರ್ಮಿ, ಯೂನಿಫಾರಂ ನೋಡಿ ನಂಬಿಬಿಟ್ಟರು. ಕೊನೆಗೆ ಯಾವುದೋ ದೇಶದಲ್ಲಿ ತುಕ್ಕು ಹಿಡಿದ ಹಡಗು, ತಿಂಗಳಾನುಗಟ್ಟಲೆ ಸಂಬಳ ಇಲ್ಲ, ಕುಡಿಯುವ ನೀರಿಗೂ ಪರದಾಟ. ಮನೆಗೆ ಬರಲು ತೋಟದ ಮೇಲೆ ಸಾಲ ಮಾಡಿ ಟಿಕೆಟ್ ಕಳಿಸಿದೆವು.

ಎಂಜಿನ್ ರೂಮ್ ಮಡಿಕೇರಿ

ಅಣ್ಣ, ಕೇಳಿ ತುಂಬಾ ಬೇಜಾರಾಯಿತು. ಇದನ್ನು ಎಲ್ಲರೂ ಓದಬೇಕು.

ಹಡಗಿಗೆ ಜನ ಕಳಿಸುವ ಕಂಪನಿಗೆ ಆರ್‌ಪಿಎಸ್‌ಎಲ್ ಅನ್ನುವ ಲೈಸೆನ್ಸ್ ಇರಲೇಬೇಕು. ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ಪಟ್ಟಿ ಇದೆ, ಮನೆಯಲ್ಲಿ ಕೂತು ನೋಡಬಹುದು. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳುವುದೇ ಕಾನೂನಿಗೆ ವಿರುದ್ಧ. 2006ರ ಕಡಲ ಕಾರ್ಮಿಕ ಒಪ್ಪಂದವೂ ಅದನ್ನೇ ಹೇಳುತ್ತದೆ. ದುಡ್ಡು ಕೇಳಿದನೋ, ಎದ್ದು ಬನ್ನಿ. ಕೋರ್ಸಿನ ಫೀಸು ಬೇರೆ, ಅದು ಕಾಲೇಜಿಗೆ. "ಡಿಫೆನ್ಸ್" ಅನ್ನುವ ಮಾತು ಕೇಳಿದರಂತೂ ಓಡಿ ಬನ್ನಿ. ಡಿಫೆನ್ಸಿಗೆ ಏಜೆಂಟೇ ಇಲ್ಲ.

ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸಿಗೆ ಹುಡುಗರು ಕುರಿ ಹಿಂಡಿನ ಹಾಗೆ ಹೋಗುತ್ತಿದ್ದಾರೆ. ಕೋರ್ಸು ಮುಗಿಸಿದವರಲ್ಲಿ ಎಷ್ಟೋ ಜನ ಹಡಗು ಸಿಗದೆ ಮುಂಬೈಯಲ್ಲಿ ಕಾಯುತ್ತಾರೆ. ಡೆಕ್ ಆಫೀಸರ್ ಆಗುವವರ ಡಿಪ್ಲೊಮಾ ಡಿಎನ್‌ಎಸ್‌ಗೂ ಅದೇ ತಲೆನೋವು. ಕೋರ್ಸು ಒಂದು ವರ್ಷ, ಆಮೇಲೆ ಹದಿನೆಂಟು ತಿಂಗಳು ಹಡಗಿನಲ್ಲಿ ಕೆಡೆಟ್ ಆಗಿ ಕಳೆಯಲೇಬೇಕು. ಆ ಹಡಗು ಕೊಡುವ ಕಂಪನಿ ಯಾವುದು ಅನ್ನುವುದು ಸೇರುವ ಮೊದಲೇ ಗೊತ್ತಿರಬೇಕು. ಕಂಪನಿಯ ಸ್ಪಾನ್ಸರ್‌ಶಿಪ್ ಇಲ್ಲದೆ ಸೇರಬೇಡಿ ಅಂತ ನಾನು ನನ್ನ ಸ್ವಂತ ಕಸಿನ್‌ಗೂ ಹೇಳಿದ್ದೇನೆ.

ಬಿಟೆಕ್ ಮೆರೈನ್ ಎಂಜಿನಿಯರಿಂಗ್ ನಾಲ್ಕು ವರ್ಷ. ನನಗೆ ಕೇಳಿದರೆ ಅದೇ ಒಳ್ಳೆಯದು. ಹಡಗು ಬೇಡ ಅನ್ನಿಸಿದರೆ ದಡದಲ್ಲೂ ಡಿಗ್ರಿಗೆ ಬೆಲೆ ಇದೆ. ಡಿಎನ್‌ಎಸ್‌ಗೂ ಬಿಟೆಕ್‌ಗೂ ಐಎಂಯು ಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಪಿಸಿಎಂನಲ್ಲಿ 60, ಇಂಗ್ಲಿಷ್‌ನಲ್ಲಿ 50 ಪರ್ಸೆಂಟ್ ಬೇಕು.

ಸಿದ್ದಾಪುರ ತೋಟಗಾರ

ಎನ್‌ಸಿಸಿ ಸಿ ಸರ್ಟಿಫಿಕೇಟ್ ಇದ್ದರೆ ಇಲ್ಲಿ ಮಾರ್ಕ್ಸ್ ಸಿಗುತ್ತದಾ? ನಮ್ಮ ಮನೆಯಲ್ಲೂ ಒಬ್ಬನಿದ್ದಾನೆ.

ಸೋಮವಾರಪೇಟೆ ಮಾಜಿ ನೇವಿ

ಸೇನೆಗೆ ಅನುಕೂಲ ಇದೆ. ಹಡಗಿನ ಕಂಪನಿಗೆ ಅದು ಬೇಕಿಲ್ಲ.

ನಾಪೋಕ್ಲು ಪಿಯುಸಿ ಹುಡುಗಿ

ಎಲ್ಲರೂ ಹುಡುಗ ಹುಡುಗ ಅಂತಲೇ ಬರೆಯುತ್ತಿದ್ದೀರಿ. ನಾನೂ ಸೈನ್ಸ್. ಎನ್‌ಡಿಎಗೂ ಅರ್ಜಿ ಹಾಕುತ್ತೇನೆ, ಮರ್ಚೆಂಟ್ ನೇವಿ ಬಗ್ಗೆಯೂ ಆಸೆ ಇದೆ. ಮನೆಯಲ್ಲಿ "ಸೇನೆ ಆದರೆ ಸರಿ, ಅಲ್ಲಿ ಸೇಫ್ಟಿ ಇದೆ, ಆ ಹಡಗಿನಲ್ಲಿ ಗಂಡಸರ ಮಧ್ಯೆ ಬೇಡ" ಅನ್ನುತ್ತಾರೆ. ನನಗೆ ಸಣ್ಣ ನಂಬರಿನ ಕನ್ನಡಕ ಬೇರೆ ಇದೆ.

ಕುಶಾಲನಗರ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಮಗಳೇ. ಎನ್‌ಡಿಎಗೆ ಹುಡುಗಿಯರು ಸೇರಿದ್ದು 2022ರಲ್ಲಿ, ಮೊದಲ ಬ್ಯಾಚ್ ಹೊರಬಂದದ್ದು 2025ರಲ್ಲಿ. ಮರ್ಚೆಂಟ್ ನೇವಿಯ ಬಾಗಿಲು ಅದಕ್ಕಿಂತ ತುಂಬಾ ಮೊದಲೇ ತೆರೆದಿತ್ತು. ಕ್ಯಾಪ್ಟನ್ ರಾಧಿಕಾ ಮೆನನ್ ಹೆಸರು ಕೇಳಿದ್ದೀಯಾ? 2015ರ ಜೂನ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಎಂಜಿನ್ ಕೆಟ್ಟು ತೇಲುತ್ತಿದ್ದ ದೋಣಿಯಿಂದ ಏಳು ಮೀನುಗಾರರನ್ನು ತಮ್ಮ ಟ್ಯಾಂಕರಿಗೆ ಹತ್ತಿಸಿಕೊಂಡು ಉಳಿಸಿದರು. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2016ರಲ್ಲಿ ಅಸಾಧಾರಣ ಶೌರ್ಯ ಪ್ರಶಸ್ತಿ ಕೊಟ್ಟಿತು. ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು. ಸುಬೇದಾರ್ ಅವರೇ, ಶೌರ್ಯ ಪ್ರಶಸ್ತಿ, ಸಿವಿಲಿಯನ್‌ಗೆ.

ಗೋಣಿಕೊಪ್ಪ ಸುಬೇದಾರ್

ಮೇಷ್ಟ್ರು ಕಾದು ಹೊಡೆದರು! ಆ ತಾಯಿಗೆ ನನ್ನ ಸಲ್ಯೂಟ್. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಧೈರ್ಯ ಬೇರೆ, ಸರ್ವಿಸ್ ಬೇರೆ. ವಿರಾಜಪೇಟೆ ಅಮ್ಮನ ಮಾವನವರಿಗೆ ನಾನೇ ಫೋನು ಮಾಡಿ ಹೇಳಲಾ? ಫೌಜಿಗೆ ಫೌಜಿ ಹೇಳಿದರೆ ಕೇಳುತ್ತಾರೆ.

ವಿರಾಜಪೇಟೆ ಅಮ್ಮ

ಬೇಡ ಅಂಕಲ್, ಈ ಪುಟವನ್ನೇ ಅವರಿಗೆ ಓದಿ ಹೇಳಿದೆ. ಕ್ಯಾಂಟೀನ್ ಇಲ್ಲ ಅಂದಾಗ ಮುಖ ಸಪ್ಪೆ ಆಯಿತು. ಲೀಲಾ ನಾರ್ಫೋಕ್ ವಿಷಯ ಎರಡು ಸಲ ಓದಿಸಿದರು. ಆಮೇಲೆ ಮಗನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: "ಪುತ್ತರಿ ಹಬ್ಬಕ್ಕೆ ಮನೆಗೆ ಬರಲು ಆಗುತ್ತದಾ?" ಅವನು ಆಗುವುದಿಲ್ಲ ಅಂದ. "ನನಗೂ ಆಗುತ್ತಿರಲಿಲ್ಲ" ಅಂದರು. ಈಗ ಎನ್‌ಡಿಎ, ಜೆಇಇ, ಐಎಂಯು ಮೂರಕ್ಕೂ ಅರ್ಜಿ ಹಾಕುವುದು ಅಂತ ಆಗಿದೆ. ಏಜೆಂಟ್ ಆಫೀಸಿಗೆ ಹೋಗುವುದಿಲ್ಲ. ಶನಿವಾರಸಂತೆ ಅಣ್ಣನಿಗೆ ವಿಶೇಷವಾಗಿ ಥ್ಯಾಂಕ್ಸ್.

ಎಂಜಿನ್ ರೂಮ್ ಮಡಿಕೇರಿ

ಒಳ್ಳೆಯದಾಯಿತು ಅಕ್ಕ.

ನಾಪೋಕ್ಲು ತಂಗಿಗೆ ಉತ್ತರ ಬಾಕಿ ಇತ್ತು. ಹಡಗಿನಲ್ಲಿ ಹುಡುಗಿಯರು ಇನ್ನೂ ಕಡಿಮೆ, ಒಂದು ಹಡಗಿಗೆ ಒಬ್ಬಳೇ ಇರುವುದೂ ಉಂಟು. ಅದನ್ನು ಸುಲಭ ಅಂತ ನಾನು ಹೇಳುವುದಿಲ್ಲ. ಹುಡುಗಿಯರನ್ನು ಜೋಡಿಯಾಗಿ ಕಳಿಸುವ ಕಂಪನಿಗಳೂ ಇವೆ, ಇಂಟರ್ವ್ಯೂನಲ್ಲೇ ಕೇಳು. ದೂರು ಕೊಡಬೇಕಾದರೆ ಹಡಗಿನಲ್ಲಿ ಯಾರಿಗೆ, ದಡದಲ್ಲಿ ಯಾರಿಗೆ ಅಂತ ಸಹಿ ಹಾಕುವ ಮೊದಲೇ ಕೇಳಿ ಬರೆದಿಟ್ಟುಕೋ. ಮಾಸ್ಟರ್ ಮೇಲೆಯೇ ದೂರಿದ್ದರೆ ಸಮುದ್ರದ ಮಧ್ಯೆ ಅವನಿಗಿಂತ ದೊಡ್ಡವರು ಯಾರೂ ಇರುವುದಿಲ್ಲ, ಆಗ ದಡದ ನಂಬರೇ ಬೇಕಾಗುವುದು.

ಕಣ್ಣಿನ ವಿಷಯ: ಡೆಕ್ ಕಡೆಗೆ ಕನ್ನಡಕ ಇಲ್ಲದೆ 6/6 ಕೇಳುತ್ತಾರೆ, ಅದು ನಿನಗೆ ಆಗುವುದಿಲ್ಲ. ಎಂಜಿನ್ ಕಡೆಗೆ ಸಣ್ಣ ನಂಬರಿಗೆ ಅವಕಾಶ ಇದೆ. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಎರಡೂ ಕಡೆ ಇಲ್ಲ. ಊರಿನ ಕನ್ನಡಕದ ಅಂಗಡಿಯ ಚೀಟಿ ನಡೆಯುವುದಿಲ್ಲ. ಡಿಜಿ ಶಿಪ್ಪಿಂಗ್ ಒಪ್ಪಿದ ಡಾಕ್ಟರುಗಳ ಪಟ್ಟಿ ವೆಬ್‌ಸೈಟಿನಲ್ಲಿದೆ, ಮಂಗಳೂರಿನ ಕಡೆ ಯಾರಿದ್ದಾರೆ ನೋಡು. ಫೀಸು ಕಟ್ಟುವ ಮೊದಲು ಕಣ್ಣು ತೋರಿಸಿಕೊಂಡು ಬಾ.